ಪರಂಗಿ ಗಿಡಕ್ಕೆ ವೈರಸ್ಸಿನದೇ ಜೀನು: ಹವಾಯಿಯ ಒಂದು ಹಣ್ಣು ನಮ್ಮ ಕುಲಾಂತರಿ ಜಗಳಕ್ಕೆ ಹೇಳುವುದೇನು?

ಕಳೆದ ಬೇಸಿಗೆಯಲ್ಲಿ ಚಿಕ್ಕಬಳ್ಳಾಪುರದ ಕಡೆ ಇರುವ ನಮ್ಮ ಸೋದರಮಾವನ ಹೊಲಕ್ಕೆ ಹೋಗಿದ್ದೆ. ಎರಡು ಎಕರೆ ಪರಂಗಿ, ಎಲ್ಲವೂ ರೆಡ್ ಲೇಡಿ ತಳಿ. ರಸ್ತೆಯಿಂದ ನೋಡಿದಾಗ ತೋಟ ಹಸಿರಾಗಿಯೇ ಕಾಣುತ್ತಿತ್ತು. ಒಳಗೆ ಹೋದ ಮೇಲೆ ಗೊತ್ತಾಯಿತು, ಸುಳಿಯ ಎಲೆಗಳು ಹಳದಿ ಹಸಿರು ಮಚ್ಚೆಯಾಗಿ ದಾರದ ಹಾಗೆ ಸಣ್ಣಗಾಗಿದ್ದವು. ಕಾಂಡದ ಮೇಲೆ ಎಣ್ಣೆ ಸವರಿದಂಥ ಗೆರೆಗಳು. ಕಾಯಿಯ ಮೇಲೆ ಉಂಗುರ ಉಂಗುರವಾಗಿ ಚುಕ್ಕೆಗಳು.

"ವೈರಸ್ ಬಂದೈತೆ ಕಣಪ್ಪ," ಅಂದರು ಮಾವ. "ಮೂರು ಸಲ ಔಷಧಿ ಹೊಡ್ದೆ. ಅಂಗಡಿಯೋನು ಹೊಸಾದೊಂದು ಕೊಟ್ಟ, ಅದೂ ಆಯ್ತು. ನೀನು ಇಂಜಿನಿಯರಿಂಗ್ ಓದಿದೋನು, ಈಗ ಬರೆಯೋ ಕೆಲಸ ಬೇರೆ ಮಾಡ್ತೀಯ. ಕೊರೊನಾಕ್ಕೆ ವರ್ಷದೊಳಗೆ ಲಸಿಕೆ ತಂದ್ರಲ್ಲ, ಇದಕ್ಕೊಂದು ತರಕ್ಕಾಗಲ್ವಾ?"

ವಿಚಾರಿಸಿ ಹೇಳ್ತೀನಿ ಮಾವ, ಅಂದೆ. ವಿಚಾರಿಸಿದೆ. ಅಂಥದ್ದು ಬಂದಿದೆ, ಅದೂ 1998ರಲ್ಲೇ. ಬಂದದ್ದು ನಮ್ಮಲ್ಲಿ ಅಲ್ಲ, ಹವಾಯಿಯಲ್ಲಿ. ಅದು ಸಿಂಪಡಿಸುವ ಔಷಧಿಯೂ ಅಲ್ಲ. ವೈರಸ್ಸಿನದೇ ಒಂದು ಜೀನನ್ನು ಗಿಡದೊಳಗೆ ಸೇರಿಸಿ ಮಾಡಿದ ಕುಲಾಂತರಿ ಪರಂಗಿ ಅದು. ಇಷ್ಟು ಹೇಳಿದ ತಕ್ಷಣ ನನ್ನ ವಾಟ್ಸಾಪ್ ಗ್ರೂಪುಗಳಲ್ಲಿ ಅರ್ಧ ಜನ "ಕಾರ್ಪೊರೇಟ್ ಏಜೆಂಟ್" ಅಂತಾರೆ, ಇನ್ನರ್ಧ ಜನ "ನೋಡಿ, ವಿಜ್ಞಾನ ವಿರೋಧಿಗಳಿಂದ ರೈತ ಹಾಳಾದ" ಅಂತಾರೆ. ಈ ಹಣ್ಣಿನ ಕಥೆ ಎರಡೂ ಕಡೆಯ ಘೋಷಣೆಗೆ ಸುಲಭವಾಗಿ ಒಗ್ಗುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಔಷಧಿ ಯಾಕೆ ಕೆಲಸ ಮಾಡಲ್ಲ

ಮೊದಲು ಮಾವನ ಮೂರು ಸಲದ ಔಷಧಿಯ ವಿಷಯ. ಗಿಡಕ್ಕೆ ತಗುಲಿದ ವೈರಸ್ಸನ್ನು ಕೊಲ್ಲುವ ಔಷಧಿ ರೈತರ ಕೈಗೆ ಸಿಗುವಂತೆ ಎಲ್ಲೂ ಇಲ್ಲ. ಅಂಗಡಿಯಲ್ಲಿ ಕೊಡುವುದು ವೈರಸ್ ಹರಡುವ ಸಸ್ಯಹೇನನ್ನು ಕೊಲ್ಲುವ ಕೀಟನಾಶಕ. ಆದರೆ ಪರಂಗಿಯ ಉಂಗುರ ಚುಕ್ಕೆ ವೈರಸ್ ಹೇನಿನ ಬಾಯಿಯ ತುದಿಯಲ್ಲೇ ಅಂಟಿಕೊಂಡು ಬರುತ್ತದೆ. ಹೇನು ಗಿಡದ ಮೇಲೆ ಕೂತು, ರುಚಿ ನೋಡಲು ಒಮ್ಮೆ ಚುಚ್ಚಿದರೂ ಸಾಕು, ವೈರಸ್ ಒಳಗೆ ಹೋಗಿಬಿಡುತ್ತದೆ. ಕೀಟನಾಶಕ ಹೇನನ್ನು ಸಾಯಿಸುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ರೈತ ದುಡ್ಡು ಸುರಿದು ಸಮಾಧಾನ ಮಾತ್ರ ಕೊಂಡುಕೊಳ್ಳುತ್ತಾನೆ.

ಉಳಿಯುವುದು ಎರಡು ದಾರಿ. ರೋಗ ಬಂದ ಗಿಡವನ್ನು ಕಿತ್ತುಹಾಕುವುದು, ಇಲ್ಲವೇ ರೋಗವನ್ನು ತಡೆಯುವ ತಳಿ ಬೆಳೆಯುವುದು.

ತಳಿಯ ದಾರಿ ಕೆಲವು ಬೆಳೆಗಳಲ್ಲಿ ಚೆನ್ನಾಗಿಯೇ ನಡೆದಿದೆ. ಟೊಮೆಟೊ ಎಲೆ ಮುಟುರು ರೋಗದ ಒಂದು ವೈರಸ್ಸಿಗೆ ವಿಜ್ಞಾನಿಗಳು ಇಟ್ಟಿರುವ ಹೆಸರಿನಲ್ಲಿ 'ಬೆಂಗಳೂರು' ಅಂತಲೇ ಇದೆ. ಆ ರೋಗಕ್ಕೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಸಂಕ್ರಾಂತಿ, ನಂದಿ, ವೈಭವ್ ಎಂಬ ತಳಿಗಳನ್ನು ಕೊಟ್ಟರು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಬಂತು. ಇವೆಲ್ಲ ಕುಲಾಂತರಿ ಅಲ್ಲ, ಹಳೆಯ ಕ್ರಮದ ಸಂಕರಣ. ಟೊಮೆಟೊದ ಕಾಡು ಸಂಬಂಧಿಕರಲ್ಲಿ ರೋಗ ತಡೆಯುವ ಗುಣ ಇತ್ತು, ಅದನ್ನು ಊರ ಟೊಮೆಟೊಗೆ ತರಲು ಸಾಧ್ಯವಾಯಿತು.

ಪರಂಗಿಗೆ ಆ ಅದೃಷ್ಟ ಇಲ್ಲ. ಅದರ ಕಾಡು ಸಂಬಂಧಿಕರಲ್ಲೂ ನಿರೋಧಕ ಗುಣ ಇದೆ, ಆದರೆ ಊರ ಪರಂಗಿ ಜೊತೆ ಅವು ಸುಲಭವಾಗಿ ಕೂಡುವುದಿಲ್ಲ. ಕೂಡಿದರೂ ಭ್ರೂಣ ಉಳಿಯುವುದೇ ಕಷ್ಟ. ಕುಲಾಂತರಿ ಬೇಕೇ ಬೇಡವೇ ಎಂದು ಕೇಳುವ ಮುಂಚೆ 'ಬೇರೆ ದಾರಿ ಇದೆಯಾ' ಅಂತ ಕೇಳಬೇಕು. ಟೊಮೆಟೊಗೂ ಪರಂಗಿಗೂ ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ.

ವೈರಸ್ಸಿನ ಕವಚ ವೈರಸ್ಸಿಗೇ ತಡೆ

ಹವಾಯಿಯ ಬಿಗ್ ಐಲ್ಯಾಂಡಿನಲ್ಲಿ ಪುನಾ ಎಂಬ ಜಿಲ್ಲೆ ಇದೆ. 90ರ ದಶಕದ ಆರಂಭದಲ್ಲಿ ಇಡೀ ಹವಾಯಿಯ ಪರಂಗಿಯಲ್ಲಿ ಸುಮಾರು ಶೇ. 95ರಷ್ಟು ಅಲ್ಲೇ ಬೆಳೆಯುತ್ತಿತ್ತು. ಅದಕ್ಕೂ ಮುಂಚೆ ಓಆಹು ದ್ವೀಪದಲ್ಲಿ ಇದೇ ವೈರಸ್ ಪರಂಗಿ ಕೃಷಿಯನ್ನು ಹಾಳು ಮಾಡಿ, ಬೆಳೆಗಾರರು ಪುನಾಗೆ ಬಂದು ಸೇರಿದ್ದರು. 1992ರ ಮೇ ತಿಂಗಳಲ್ಲಿ ವೈರಸ್ ಪುನಾದಲ್ಲೂ ಕಾಣಿಸಿಕೊಂಡಿತು. ಆ ವರ್ಷ ಪುನಾದ ಉತ್ಪಾದನೆ ಸುಮಾರು 5.3 ಕೋಟಿ ಪೌಂಡ್. 1998ಕ್ಕೆ ಅದು ಅರ್ಧಕ್ಕೆ, 2.6 ಕೋಟಿ ಪೌಂಡಿಗೆ ಇಳಿಯಿತು.

ಈ ದಿನ ಬರುತ್ತದೆ ಅಂತ ಒಬ್ಬರು ಮೊದಲೇ ಅಂದಾಜು ಮಾಡಿದ್ದರು. ಹವಾಯಿಯ ಕಬ್ಬಿನ ತೋಟದ ಪರಿಸರದಲ್ಲೇ ಹುಟ್ಟಿ ಬೆಳೆದ ಡೆನಿಸ್ ಗೊನ್ಸಾಲ್ವಿಸ್, ಆಗ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸಸ್ಯರೋಗ ತಜ್ಞ. ಮೊದಲು ಅವರು ಹಳೆಯ ಉಪಾಯ ನೋಡಿದರು. ವೈರಸ್ಸಿನ ಮೆದು ತಳಿಯೊಂದನ್ನು ಬೇಕಂತಲೇ ಗಿಡಕ್ಕೆ ಹಚ್ಚಿದರೆ ಉಗ್ರ ತಳಿ ಬರುವುದಿಲ್ಲ, ಸಿಡುಬಿಗೆ ಹಿಂದೆ ಮಾಡುತ್ತಿದ್ದ ಹಾಗೆ. ಆದರೆ ಮೆದು ತಳಿಯೂ ಹಣ್ಣಿನ ಮೇಲೆ ಕಲೆ ಬಿಡುತ್ತಿತ್ತು. ಬೆಳೆಗಾರರಿಗೆ ಒಪ್ಪಿಗೆಯಾಗಲಿಲ್ಲ.

ಅಷ್ಟರಲ್ಲಿ ಇನ್ನೊಂದು ವಿಚಾರ ಬಂದಿತ್ತು. ರೋಗಾಣುವಿನದೇ ಒಂದು ಜೀನನ್ನು ಗಿಡದೊಳಗೆ ಇಟ್ಟರೆ ಅದೇ ರೋಗಾಣುವಿಗೆ ತಡೆಯಾಗಬಹುದು ಅಂತ 1985ರಲ್ಲಿ ಜಾನ್ ಸ್ಯಾನ್‌ಫರ್ಡ್ ಮತ್ತು ಸ್ಟೀಫನ್ ಜಾನ್‌ಸ್ಟನ್ ಬರೆದರು. 1986ರಲ್ಲಿ ರೋಜರ್ ಬೀಚಿ ಮತ್ತು ಸಂಗಡಿಗರು ಅದನ್ನು ತಂಬಾಕು ಗಿಡದಲ್ಲಿ ಮಾಡಿ ತೋರಿಸಿದರು. ತಂಬಾಕು ಮೊಸಾಯಿಕ್ ವೈರಸ್ಸಿನ ಹೊರಕವಚದ ಪ್ರೋಟೀನ್ ತಯಾರಿಸುವ ಜೀನ್ ಒಂದನ್ನೇ ಗಿಡಕ್ಕೆ ಸೇರಿಸಿದರು, ರೋಗ ತಡವಾಗಿ ಬಂತು ಅಥವಾ ಬರಲೇ ಇಲ್ಲ.

ಗೊನ್ಸಾಲ್ವಿಸ್ ತಂಡ ಇದನ್ನೇ ಪರಂಗಿಗೆ ಮಾಡಿತು. ಸ್ಯಾನ್‌ಫರ್ಡ್ ಅವರೇ ಕಟ್ಟಿದ್ದ 'ಜೀನ್ ಗನ್' ಬಳಸಿ, ಹವಾಯಿಯ ವೈರಸ್ ತಳಿಯಿಂದ ತೆಗೆದ ಕವಚದ ಜೀನನ್ನು ಸನ್‌ಸೆಟ್ ಎಂಬ ತಳಿಯ ಜೀವಕೋಶಗಳಿಗೆ ಗುಂಡು ಹೊಡೆದ ಹಾಗೆ ಹೊಡೆದರು. ಬಂದ ಗಿಡಗಳಲ್ಲಿ '55-1' ಅನ್ನುವ ಒಂದೇ ಒಂದು ಸಾಲು ಗಟ್ಟಿಯಾಗಿ ನಿಂತಿತು. ಅದರಿಂದ ಬಂದದ್ದು ಸನ್‌ಅಪ್. ಅದನ್ನು ಅಲ್ಲಿನ ಹಳದಿ ತಿರುಳಿನ ಕಪೋಹೊ ತಳಿ ಜೊತೆ ಸಂಕರ ಮಾಡಿದಾಗ ಬಂದದ್ದು ರೇನ್‌ಬೋ. ಮೊದಲ ಹೊಲ ಪ್ರಯೋಗ 1992ರ ಏಪ್ರಿಲ್‌ನಲ್ಲಿ ಓಆಹುವಿನಲ್ಲಿ ಶುರುವಾಯಿತು, ಪುನಾಕ್ಕೆ ವೈರಸ್ ಬರುವುದಕ್ಕೆ ಒಂದು ತಿಂಗಳು ಮುಂಚೆ.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲು ಮಾಡಿದವರಿಗೇ ಪೂರ್ತಿ ಗೊತ್ತಿರಲಿಲ್ಲ. ಕವಚದ ಪ್ರೋಟೀನೇ ಅಡ್ಡ ನಿಲ್ಲುತ್ತದೆ ಅಂದುಕೊಂಡಿದ್ದರು. 1992ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ವಿಲಿಯಂ ಡೋರ್ಟಿ ಅವರ ತಂಡ, ಪ್ರೋಟೀನ್ ತಯಾರಿಸಲಾಗದಂತೆ ಕೆಡಿಸಿದ ಜೀನನ್ನು ಇಟ್ಟರೂ ತಂಬಾಕು ಗಿಡ ವೈರಸ್ಸಿಗೆ ತಡೆ ಒಡ್ಡುತ್ತದೆ ಅಂತ ತೋರಿಸಿತು. ಅಂದರೆ ಕೆಲಸ ಮಾಡುತ್ತಿದ್ದದ್ದು ಆರ್‌ಎನ್‌ಎ. ಗಿಡಕ್ಕೆ ತನ್ನದೇ ಒಂದು ಕಾವಲು ವ್ಯವಸ್ಥೆ ಇದೆ. ಅನುಮಾನಾಸ್ಪದ ಆರ್‌ಎನ್‌ಎ ಕಂಡರೆ ಅದನ್ನು ಇಪ್ಪತ್ತು ಚಿಲ್ಲರೆ ಅಕ್ಷರಗಳ ಚೂರುಗಳಾಗಿ ಕತ್ತರಿಸಿ, ಆ ಚೂರುಗಳನ್ನೇ ಗುರುತಿನ ಚೀಟಿ ಮಾಡಿಕೊಂಡು, ಅದಕ್ಕೆ ಹೊಂದುವ ಯಾವುದೇ ಆರ್‌ಎನ್‌ಎ ಬಂದರೂ ಕತ್ತರಿಸಿ ಹಾಕುತ್ತದೆ. ಉಂಗುರ ಚುಕ್ಕೆ ವೈರಸ್ಸಿನ ಇಡೀ ದೇಹ ಅಂದರೆ ಸುಮಾರು 10 ಸಾವಿರ ಅಕ್ಷರಗಳ ಆರ್‌ಎನ್‌ಎ ಮತ್ತು ಅದರ ಕವಚ, ಅಷ್ಟೇ. ಗಿಡಕ್ಕೆ ಮೊದಲೇ ಅದರ ಒಂದು ತುಣುಕು ಗೊತ್ತಿದ್ದರೆ ಹೊರಗಿನಿಂದ ಬಂದದ್ದು ಒಳಗೆ ಬೆಳೆಯಲಾರದು.

ನಾನು ಕಂಪ್ಯೂಟರ್ ಸೈನ್ಸ್ ಓದಿದವನು. ನನಗಿದು ಆಂಟಿವೈರಸ್ ಸಾಫ್ಟ್‌ವೇರಿನ ಸಿಗ್ನೇಚರ್ ಫೈಲ್ ಥರ ಕಾಣಿಸಿತು. ಹೋಲಿಕೆ ಪೂರ್ತಿ ಸರಿಯಲ್ಲ, ಆದರೆ ಒಂದು ಕಡೆ ಚೆನ್ನಾಗಿ ಕೂರುತ್ತದೆ. ಸಿಗ್ನೇಚರ್ ಹೊಂದಿದರೆ ಮಾತ್ರ ರಕ್ಷಣೆ. ಹವಾಯಿಯ ವೈರಸ್ಸಿಗೆ ಜಗ್ಗದ ರೇನ್‌ಬೋ, ತೈವಾನ್ ಥಾಯ್ಲೆಂಡ್‌ಗಳ ವೈರಸ್ ತಳಿಗಳ ಮುಂದೆ ಸೋತಿತು. ಅಕ್ಷರಗಳ ಸಾಲು ಬೇರೆ ಇತ್ತು. ಅಂದರೆ ರೇನ್‌ಬೋ ಬೀಜ ತಂದು ಚಿಕ್ಕಬಳ್ಳಾಪುರದಲ್ಲಿ ಬಿತ್ತಿದರೆ ಮಾವನ ತೋಟ ಉಳಿಯುತ್ತದೆ ಅಂತ ಯಾರೂ ಭರವಸೆ ಕೊಡಲಾರರು. ನಮ್ಮ ವೈರಸ್ಸಿಗೆ ನಮ್ಮಲ್ಲೇ, ನಮ್ಮ ತಳಿಯಲ್ಲೇ ಮಾಡಬೇಕು. ಸಾಲದ್ದಕ್ಕೆ ನಮ್ಮಲ್ಲಿ ಪರಂಗಿಗೆ ಬಿಳಿ ನೊಣ ಹರಡುವ ಎಲೆ ಮುಟುರು ರೋಗವೂ ಇದೆ. ಅದು ಬೇರೆಯೇ ಜಾತಿಯ ವೈರಸ್, ಈ ಜೀನು ಅದಕ್ಕೆ ನಾಟುವುದಿಲ್ಲ.

ಅದೇ 1998

1998ರ ಮೇ ತಿಂಗಳಲ್ಲಿ ಹವಾಯಿಯ ಬೆಳೆಗಾರರಿಗೆ ರೇನ್‌ಬೋ ಬೀಜ ಉಚಿತವಾಗಿ ಸಿಕ್ಕಿತು. ಕಂಪನಿ ಮಾರಿದ್ದಲ್ಲ. ವಿಶ್ವವಿದ್ಯಾಲಯದ ಸಂಶೋಧನೆ, ಸರ್ಕಾರದ ದುಡ್ಡು, ಬೆಳೆಗಾರರ ಸಮಿತಿಯಿಂದ ವಿತರಣೆ.

ಅದೇ ವರ್ಷದ ಕೊನೆಯಲ್ಲಿ ನಮ್ಮ ರಾಯಚೂರು, ಬಳ್ಳಾರಿ ಕಡೆ ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರೈತ ಸಂಘ ಬಿಟಿ ಹತ್ತಿಯ ಪ್ರಯೋಗದ ಹೊಲಗಳಿಗೆ ಬೆಂಕಿ ಇಟ್ಟಿತು. ತಮ್ಮ ಹೊಲದಲ್ಲಿ ಬೆಳೆಯುತ್ತಿರುವುದು ಏನು ಅಂತ ರೈತರಿಗೇ ಸರಿಯಾಗಿ ಹೇಳಿಲ್ಲ ಅನ್ನುವುದು ಸಂಘದ ಆರೋಪವಾಗಿತ್ತು.

ಒಂದೇ ವರ್ಷ, ಒಂದೇ ತಂತ್ರಜ್ಞಾನದ ಕುಟುಂಬ, ಎರಡು ದೃಶ್ಯ. ಹವಾಯಿ ರೈತರು ಜಾಣರು, ನಮ್ಮವರು ದಡ್ಡರು ಅಂತ ಇದನ್ನು ಓದುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಪುನಾದ ರೈತನಿಗೆ ರೋಗ ಕಣ್ಣೆದುರಿಗಿತ್ತು, ಬೀಜ ಮಾಡಿದವರು ಯಾರು ಅಂತ ಗೊತ್ತಿತ್ತು, ಬೀಜಕ್ಕೆ ದುಡ್ಡು ಕೊಡಬೇಕಿರಲಿಲ್ಲ. ರಾಯಚೂರಿನ ರೈತನ ಎದುರಿಗಿದ್ದದ್ದು ಒಂದು ಬಹುರಾಷ್ಟ್ರೀಯ ಕಂಪನಿ ಮತ್ತು ಬಾಯಿ ಬಿಡದ ಸರ್ಕಾರ. ನಂಜುಂಡಸ್ವಾಮಿ ಕೇಳಿದ 'ಬೀಜ ಯಾರದು' ಎಂಬ ಪ್ರಶ್ನೆ ಇವತ್ತಿಗೂ ಸರಿಯಾದ ಪ್ರಶ್ನೆಯೇ.

ಆ ಪ್ರಶ್ನೆಯನ್ನು ರೇನ್‌ಬೋಗೂ ಕೇಳಿ ನೋಡಿ. ಸಂಶೋಧನೆ ಸಾರ್ವಜನಿಕವಾದರೂ ಅದರಲ್ಲಿ ಬಳಸಿದ ತಂತ್ರಗಳ ಪೇಟೆಂಟ್ ಖಾಸಗಿಯವರ ಕೈಯಲ್ಲಿತ್ತು, ಮಾನ್ಸಾಂಟೊ ಕೂಡ ಅದರಲ್ಲಿ ಸೇರಿತ್ತು. ಬೆಳೆಗಾರರ ಸಮಿತಿ ಒಬ್ಬೊಬ್ಬರಿಂದಲೂ ಪರವಾನಗಿ ಪಡೆಯಬೇಕಾಯಿತು. ಸಿಕ್ಕ ಪರವಾನಗಿ ಹವಾಯಿಯಲ್ಲಿ ಬೆಳೆಯಲು ಮಾತ್ರ. ಸಾರ್ವಜನಿಕ ವಿಜ್ಞಾನ ಅಂತ ಕುಣಿಯುವ ಮುಂಚೆ ಒಳಗಿನ ಕಾಗದಪತ್ರ ಓದಬೇಕು ಅನ್ನುವುದಕ್ಕೆ ಇದೇ ಸಾಕ್ಷಿ.

ಅಪಾಯದ ಲೆಕ್ಕ

'ವೈರಸ್ಸಿನ ಜೀನು ತಿನ್ನಿಸ್ತಾರೆ' ಅನ್ನುವುದು ಕೇಳಲು ಭಯಾನಕ. ಆದರೆ ರೋಗ ಬಂದ ಸಾಮಾನ್ಯ ಪರಂಗಿಯಲ್ಲಿ ಇಡೀ ವೈರಸ್ಸೇ ಇರುತ್ತದೆ, ಕವಚದ ಪ್ರೋಟೀನ್ ಸಮೇತ. ಜನ ಅದನ್ನು ತಿಂದುಕೊಂಡೇ ಬಂದಿದ್ದಾರೆ. ಗಿಡದ ವೈರಸ್ ಮನುಷ್ಯನಿಗೆ ತಗಲುವುದಿಲ್ಲ. ಈ ವಾದ ನನಗೆ ಒಪ್ಪಿಗೆ.

ಹಾಗಂತ ಎಲ್ಲ ಪ್ರಶ್ನೆಗಳೂ ಮುಗಿದವು ಅಂತಲ್ಲ. ರೇನ್‌ಬೋ ಒಳಗೆ ಕವಚದ ಜೀನಿನ ಜೊತೆಗೆ, ಪ್ರಯೋಗಾಲಯದಲ್ಲಿ ಗಿಡಗಳನ್ನು ಆರಿಸಲು ಬಳಸಿದ ಆಂಟಿಬಯೋಟಿಕ್ ನಿರೋಧಕ ಜೀನೂ ಇದೆ. ಅದು ಇರಬೇಕಿತ್ತಾ ಅನ್ನುವುದು ನ್ಯಾಯವಾದ ಪ್ರಶ್ನೆ. ಇನ್ನೊಂದು, ಗಿಡದೊಳಗಿನ ವೈರಸ್ ತುಣುಕು ಹೊರಗಿನಿಂದ ಬಂದ ವೈರಸ್ಸಿನ ಜೊತೆ ಬೆರೆತು ಹೊಸ ರೂಪ ಬರಬಹುದೇ? ಹೀಗೆ ಬೆರೆಯಲು ಸಾಧ್ಯ ಅಂತ 1994ರಲ್ಲೇ ಅಲಸಂದೆಯ ಒಂದು ವೈರಸ್ ಇಟ್ಟುಕೊಂಡು ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಒಂದೇ ಗಿಡಕ್ಕೆ ಎರಡು ವೈರಸ್ ತಗುಲಿದಾಗ ಪ್ರಕೃತಿಯಲ್ಲೂ ಇದು ನಡೆಯುತ್ತದೆ, ನಿಜ. ಅದಕ್ಕೇ ಬೀಜ ಬಿಡುಗಡೆಯಾದ ಮೇಲೂ ವರ್ಷಗಟ್ಟಲೆ ಹೊಲಗಳಲ್ಲಿ ವೈರಸ್ ಮೇಲೆ ಕಣ್ಣಿಡುವವರು ಬೇಕು. ನಮ್ಮಲ್ಲಿ ಬಿಟಿ ಹತ್ತಿಗೆ ಗುಲಾಬಿ ಕಾಯಿಕೊರಕ ಒಗ್ಗಿಹೋದಾಗ ಬೆಲೆ ತೆತ್ತವರು ರೈತರು. ಆ ಪಾಠ ನಮಗೆ ಇನ್ನೂ ಹಸಿಯಾಗಿದೆ.

ಎಲ್ಲ ಕಡೆ ಇದು ಗೆದ್ದಿಲ್ಲ ಅನ್ನುವುದೂ ಗೊತ್ತಿರಲಿ. ಕೀನ್ಯಾದಲ್ಲಿ ಮಾನ್ಸಾಂಟೊ ಜೊತೆಗೂಡಿ ಮಾಡಿದ ವೈರಸ್ ನಿರೋಧಕ ಸಿಹಿಗೆಣಸು ಆಫ್ರಿಕಾದ ಹಸಿವಿಗೆ ಉತ್ತರ ಅಂತ ಜಗತ್ತಿನ ತುಂಬ ಪ್ರಚಾರ ಪಡೆದಿತ್ತು. ಹೊಲಕ್ಕೆ ಇಳಿದಾಗ ವೈರಸ್ ತಡೆಯಲಿಲ್ಲ, 2004ರಲ್ಲಿ ಸುದ್ದಿ ಹೊರಬಿತ್ತು. ಥಾಯ್ಲೆಂಡ್‌ನಲ್ಲಿ ಅದೇ ವರ್ಷ ಖೋನ್ ಕೇನ್ ಸಂಶೋಧನಾ ಕೇಂದ್ರದಿಂದ ಕುಲಾಂತರಿ ಪರಂಗಿ ರೈತರ ಹೊಲಕ್ಕೆ ಸೋರಿಕೆಯಾಗಿ ದೊಡ್ಡ ಗಲಾಟೆಯಾಯಿತು, ಸರ್ಕಾರ ಹೊಲ ಪ್ರಯೋಗಗಳನ್ನೇ ನಿಲ್ಲಿಸಿತು. ಚೀನಾ ಮಾತ್ರ ತನ್ನ ವೈರಸ್ಸಿಗೆ ತನ್ನದೇ ಪರಂಗಿ ಮಾಡಿಕೊಂಡು 2006ರಲ್ಲಿ ಒಪ್ಪಿಗೆ ಕೊಟ್ಟಿತು.

ಹವಾಯಿಯಲ್ಲೂ ಎಲ್ಲ ಸುಖವಾಗಿರಲಿಲ್ಲ. ಅವರ ದೊಡ್ಡ ಗಿರಾಕಿಯಾಗಿದ್ದ ಜಪಾನ್ ಈ ಹಣ್ಣನ್ನು ಒಳಬಿಟ್ಟದ್ದು 2011ರ ಡಿಸೆಂಬರ್‌ನಲ್ಲಿ, 13 ವರ್ಷ ಕಾದ ಮೇಲೆ. ಸಾವಯವ ಬೆಳೆಗಾರರು ತಮ್ಮ ಗಿಡಗಳಿಗೆ ಪರಾಗದ ಮೂಲಕ ಬೆರಕೆಯಾಗುತ್ತಿದೆ ಅಂತ ದೂರಿದರು. 2010ರಿಂದ ಈಚೆಗೆ ರಾತ್ರೋರಾತ್ರಿ ಸಾವಿರಾರು ಗಿಡಗಳನ್ನು ಕಡಿದುಹಾಕಿದ ಘಟನೆಗಳೂ ನಡೆದವು. 2013ರಲ್ಲಿ ಬಿಗ್ ಐಲ್ಯಾಂಡಿನ ಸ್ಥಳೀಯ ಆಡಳಿತ ಕುಲಾಂತರಿ ಬೆಳೆಗಳನ್ನು ನಿಷೇಧಿಸಿತು, ಆದರೆ ಪರಂಗಿಗೆ ವಿನಾಯಿತಿ ಕೊಟ್ಟಿತು. ಆ ನಿಷೇಧವೂ ಮುಂದೆ ಕೋರ್ಟಿನಲ್ಲಿ ಬಿದ್ದುಹೋಯಿತು. ಕುಲಾಂತರಿಯನ್ನು ವಿರೋಧಿಸುವ ಸಭೆಯೂ ಈ ಒಂದು ಬೆಳೆಯನ್ನು ಬೇರೆಯಾಗಿ ನೋಡಬೇಕಾಯಿತು, ಅದೇ ಅಲ್ಲಿ ಗಮನಿಸಬೇಕಾದದ್ದು.

ನಮ್ಮಲ್ಲಿ ಸಿಕ್ಕಿಕೊಂಡಿರುವುದು ಎಲ್ಲಿ

ಜಗತ್ತಿನಲ್ಲಿ ಅತಿ ಹೆಚ್ಚು ಪರಂಗಿ ಬೆಳೆಯುವ ದೇಶ ನಮ್ಮದು. ಆದರೂ ಇಲ್ಲಿ ಸರ್ಕಾರ ಬೆಳೆಯಲು ಬಿಟ್ಟಿರುವ ಕುಲಾಂತರಿ ಬೆಳೆ ಅಂದರೆ 2002ರಿಂದ ಹತ್ತಿ ಒಂದೇ. ಬಿಟಿ ಬದನೆಯನ್ನು 2010ರ ಫೆಬ್ರವರಿಯಲ್ಲಿ ಆಗಿನ ಪರಿಸರ ಸಚಿವ ಜೈರಾಂ ರಮೇಶ್ ತಡೆಹಿಡಿದರು. ಅದಕ್ಕೂ ಮುಂಚೆ ಬೆಂಗಳೂರೂ ಸೇರಿ ಹಲವು ಊರುಗಳಲ್ಲಿ ಸಾರ್ವಜನಿಕ ಸಭೆ ನಡೆಸಿದ್ದರು. ಸಭೆಗಳಲ್ಲಿ ಕೂಗಾಟ ಆಯಿತು, ನಿಜ. ಆದರೆ ಒಂದು ಸರ್ಕಾರ ಜನರ ಮುಂದೆ ಕೂತು ಕೇಳಿಸಿಕೊಂಡಿತು. ಅಂಥದ್ದು ಆಮೇಲೆ ನಡೆದಿಲ್ಲ.

ಕುಲಾಂತರಿ ಸಾಸಿವೆ ಬಂದಾಗ ಸುರಕ್ಷತೆಯ ಸಾರಾಂಶವನ್ನು ವೆಬ್‌ಸೈಟಿನಲ್ಲಿ ಹಾಕಿದರು, ಪೂರ್ತಿ ದಾಖಲೆ ನೋಡಬೇಕಿದ್ದರೆ ದೆಹಲಿಯ ಸಚಿವಾಲಯಕ್ಕೆ ಹೋಗಬೇಕಿತ್ತು. 2022ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟರು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 2024ರ ಜುಲೈನಲ್ಲಿ ಭಿನ್ನ ತೀರ್ಪು ಬಂತು. ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಒಪ್ಪಿಗೆ ಕೊಟ್ಟ ರೀತಿ ಸರಿಯಿಲ್ಲ ಅಂದರು, ನ್ಯಾಯಮೂರ್ತಿ ಸಂಜಯ್ ಕರೋಲ್ ಸರಿ ಇದೆ ಅಂದರು. ಒಂದು ವಿಷಯದಲ್ಲಿ ಇಬ್ಬರೂ ಒಂದೇ ಮಾತಾಡಿದರು: ಎಲ್ಲರ ಜೊತೆ ಚರ್ಚಿಸಿ ಕುಲಾಂತರಿ ಬೆಳೆಗಳ ಬಗ್ಗೆ ರಾಷ್ಟ್ರೀಯ ನೀತಿ ಮಾಡಿ.

ಇದರ ನಡುವೆ ಇನ್ನೊಂದು ಬಾಗಿಲು ಸದ್ದಿಲ್ಲದೆ ತೆರೆದಿದೆ. ಹೊರಗಿನ ಜೀನು ಉಳಿಯದ ಜೀನ್ ಎಡಿಟಿಂಗ್ ಬೆಳೆಗಳಿಗೆ 2022ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕುಲಾಂತರಿ ನಿಯಮಗಳಿಂದ ವಿನಾಯಿತಿ ಕೊಟ್ಟಿತು. 2025ರ ಮೇನಲ್ಲಿ ಅಂಥ ಎರಡು ಭತ್ತದ ತಳಿಗಳನ್ನೂ ಘೋಷಿಸಿತು. ವೈರಸ್ ತಡೆಯಲು ಈ ದಾರಿಯೂ ಇದೆ. ವೈರಸ್ ಬೆಳೆಯಲು ಗಿಡದ ಕೆಲವು ಪ್ರೋಟೀನ್‌ಗಳನ್ನು ಬಳಸಿಕೊಳ್ಳುತ್ತದೆ, ಅದರಲ್ಲೊಂದರ ಜೀನನ್ನು ಕೆಡಿಸಿದರೆ ವೈರಸ್ಸಿಗೆ ಹಿಡಿತ ಸಿಗಲ್ಲ. ಇಸ್ರೇಲಿನ ವಿಜ್ಞಾನಿಗಳು 2016ರಲ್ಲಿ ಸೌತೆ ಗಿಡದಲ್ಲಿ ಇದನ್ನು ಮಾಡಿ, ಉಂಗುರ ಚುಕ್ಕೆ ವೈರಸ್ಸಿನ ಸೌತೆ ಜಾತಿಗೆ ತಗಲುವ ರೂಪವನ್ನೂ ತಡೆದರು.

ನನ್ನ ತಕರಾರು ಇಲ್ಲಿದೆ. ನಮ್ಮ ನಿಯಮ ಕೇಳುವುದು 'ಹೊರಗಿನ ಜೀನು ಇದೆಯಾ ಇಲ್ಲವಾ' ಅಂತ. ಇದ್ದರೆ ದಶಕಗಟ್ಟಲೆ ಕೋರ್ಟು ಕಚೇರಿ, ಇಲ್ಲದಿದ್ದರೆ ಹೆಚ್ಚುಕಡಿಮೆ ಹಸಿರು ದೀಪ. ಹೊಲದಲ್ಲಿ ನಿಂತವನಿಗೆ ಬೇಕಾದ ಪ್ರಶ್ನೆ ಅದಲ್ಲ. ಯಾವ ಸಮಸ್ಯೆಗೆ ಇದು? ಬೇರೆ ದಾರಿ ಇದೆಯಾ? ಬೀಜ ಮತ್ತು ಪೇಟೆಂಟ್ ಯಾರ ಕೈಯಲ್ಲಿ? ಪರೀಕ್ಷೆಯ ಅಂಕಿಅಂಶ ಎಲ್ಲರೂ ಓದುವಂತೆ ಇದೆಯಾ? ವೈರಸ್ ಬದಲಾದರೆ ಮುಂದಿನ ತಳಿ ಯಾರು ಕೊಡ್ತಾರೆ? ಬೆರಕೆಯಾಗಿ ಸಾವಯವ ರೈತನಿಗೆ ನಷ್ಟವಾದರೆ ಯಾರು ತುಂಬಿಕೊಡ್ತಾರೆ? ಈ ಪ್ರಶ್ನೆಗಳನ್ನು ಕುಲಾಂತರಿಗೂ ಕೇಳಬೇಕು, ಎಡಿಟ್ ಮಾಡಿದ ಭತ್ತಕ್ಕೂ ಕೇಳಬೇಕು, ಅಂಗಡಿಯಲ್ಲಿ ಸಿಗುವ ಮಾಮೂಲಿ ಹೈಬ್ರಿಡ್‌ಗೂ ಕೇಳಬೇಕು.

ಈ ಅಳತೆಯಲ್ಲಿ ನೋಡಿದರೆ ಕಳೆನಾಶಕಕ್ಕೆ ಬಗ್ಗದ ಬೆಳೆಗೆ ನಾನು 'ಬೇಡ' ಅನ್ನುತ್ತೇನೆ. ಸಾರ್ವಜನಿಕ ಸಂಸ್ಥೆಯೊಂದು ನಮ್ಮ ವೈರಸ್ಸಿಗೆ ಅಂತಲೇ ಮಾಡಿದ, ದಾಖಲೆಗಳನ್ನು ತೆರೆದಿಟ್ಟ ಪರಂಗಿಗೆ 'ಪ್ರಯೋಗ ಮಾಡಿ, ನಾವೂ ನೋಡ್ತೀವಿ' ಅನ್ನುತ್ತೇನೆ. ಎರಡೂ ಉತ್ತರ ಒಬ್ಬನೇ ಹೇಳಬಹುದು, ಅದು ದ್ವಂದ್ವ ಅಲ್ಲ. ಆದರೆ ಅಂಥ ಪರಂಗಿ ಬರಬೇಕಾದರೆ ಕೃಷಿ ವಿಶ್ವವಿದ್ಯಾಲಯಗಳಿಗೆ ದುಡ್ಡು ಬೇಕು, ಖಾಲಿ ಹುದ್ದೆಗಳು ತುಂಬಬೇಕು, ಸಂಶೋಧನೆ ಹತ್ತಿಪ್ಪತ್ತು ವರ್ಷ ಬೆನ್ನುಬಿಡದೆ ನಡೆಯಬೇಕು. ಕುಲಾಂತರಿ ಪರ ವಿರೋಧ ಅಂತ ಟ್ವೀಟ್ ಮಾಡುವ ನಾವು ಕೃಷಿ ಸಂಶೋಧನೆಯ ಬಜೆಟ್ ಬಗ್ಗೆ ಎಷ್ಟು ಸಲ ಮಾತಾಡಿದ್ದೇವೆ?

ಒಂದು ಕೊನೆಯ ಮಾತು. 'ಪರಂಗಿ' ಅಂದರೆ ವಿದೇಶಿಯವನು ಅಂತ ಅರ್ಥ. ಈ ಹಣ್ಣು ಮಧ್ಯ ಅಮೆರಿಕದ್ದು, ಪೋರ್ಚುಗೀಸರ ಜೊತೆ ಹಡಗಿನಲ್ಲಿ ಬಂದದ್ದು. ಹೆಸರಲ್ಲೇ ಹೊರಗಿನವನು ಅಂತ ಇದ್ದರೂ ಇವತ್ತು ಯಾರೂ ಅದನ್ನು ಹೊರಗಿನದು ಅನ್ನಲ್ಲ. ಯಾವುದು ನಮ್ಮದಾಗುತ್ತದೆ ಅನ್ನುವುದು ಅದು ಎಲ್ಲಿಂದ ಬಂತು ಅನ್ನುವುದಕ್ಕಿಂತ ಯಾರ ಕೈಯಲ್ಲಿ ಉಳಿಯಿತು ಅನ್ನುವುದರ ಮೇಲೆ ನಿಂತಿದೆ.

ಮೊನ್ನೆ ಮಾವನಿಗೆ ಫೋನ್ ಮಾಡಿ ಇದನ್ನೆಲ್ಲ ಚಿಕ್ಕದಾಗಿ ಹೇಳಿದೆ. ಗಿಡಗಳನ್ನೆಲ್ಲ ಕಿತ್ತು ರಾಗಿ ಹಾಕಿದ್ದಾರಂತೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಅಂದ್ರೆ ಇಪ್ಪತ್ತೈದು ವರ್ಷದಿಂದ ಗೊತ್ತಿದ್ರೂ ನಮಗೆ ಬೇಕಾ ಬೇಡ್ವಾ ಅಂತ ಯಾರೂ ಕೇಳ್ಳಿಲ್ಲ ಅನ್ನು?"

ಹೌದು ಮಾವ, ಯಾರೂ ಕೇಳಲಿಲ್ಲ, ಅಂದೆ.